ತಪ್ಪುಗಳ ಪೆಟ್ಟಿಗೆ

ಅಮೆರಿಕದ ಫುಟ್‌ಬಾಲಿನಲ್ಲಿ ಕಾಲಿಗೆ ಕೆಲಸ ಕಡಿಮೆ, ಮೈಗೆ ಜಾಸ್ತಿ. ಅದರಲ್ಲೂ ಮುಂದೆ ಒಂದು ಸಾಲಾಗಿ ಬಾಗಿ ನಿಲ್ಲುವ ಐದು ಜನ ದಢೂತಿ ಹುಡುಗರಿಗೆ ಇರುವುದು ಒಂದೇ ಕೆಲಸ: ಎದುರಿನವರು ನುಗ್ಗಿ ಬಂದು ಚೆಂಡು ಹಿಡಿದ ತಮ್ಮವನನ್ನು ಕೆಡವದಂತೆ ಅಡ್ಡ ನಿಲ್ಲುವುದು. ಚೆಂಡು ಹಿಡಿದು ಓಡುವುದು, ಗೆರೆ ದಾಟುವುದು, ಪೇಪರಿನಲ್ಲಿ ಫೋಟೋ ಬರುವುದು, ಎಲ್ಲ ಬೇರೆಯವರ ಪಾಲು. ಈ ಐವರ ಹೆಸರು ಮೈಕಿನಲ್ಲಿ ಕೇಳಿಸುವುದು ಅವರು ತಪ್ಪು ಮಾಡಿದಾಗ ಮಾತ್ರ. ಮದುವೆಮನೆಯ ಅಡುಗೆಯವರ ಹಾಗೆ. ಸಾರಿಗೆ ಉಪ್ಪು ಹೆಚ್ಚಾದ ದಿನವಷ್ಟೇ ಅಡುಗೆಯವನು ಯಾರು ಎಂದು ಜನ ಕೇಳುತ್ತಾರೆ.

ಆ ಐವರಿಗೆ ಪಾಠ ಹೇಳುವವನನ್ನು ಲೈನ್ ಕೋಚ್ ಎನ್ನುತ್ತಾರೆ. ಅವನ ಹೆಸರಂತೂ ತಪ್ಪು ಮಾಡಿದರೂ ಯಾರ ಕಿವಿಗೂ ಬೀಳುವುದಿಲ್ಲ. ನ್ಯೂಜೆರ್ಸಿಯ ಆಶ್‌ಬ್ರೂಕ್ ಎಂಬ ಪುಟ್ಟ ಕಾಲೇಜಿನಲ್ಲಿ ಹನ್ನೊಂದು ವರ್ಷ ಈ ಕೆಲಸ ಮಾಡಿದವನು ಮೈಸೂರಿನ ಮಂಡಿ ಮೊಹಲ್ಲಾದ ಯೂನುಸ್ ಸಾಹೇಬರ ಮಗ ಫೈಜ್.

ಯೂನುಸ್ ಕ್ರ್ಯಾನ್‌ಬರಿಯ ಒಂದು ಔಷಧ ಕಂಪನಿಯಲ್ಲಿ ಕೆಮಿಸ್ಟ್ ಆಗಿದ್ದವರು. ಮೈಸೂರು ಬಿಟ್ಟಾಗ ಫೈಜ್‌ಗೆ ಐದು ವರ್ಷ. ಊಟದ ಮೇಜಿನ ಮೇಲೆ ಕನ್ನಡವೇ ಆಗಬೇಕೆಂದು ಅವರ ಹಟ. ಮಗ ಇಂಗ್ಲಿಷಿನಲ್ಲಿ ಕೇಳಿದರೆ ತಟ್ಟೆಗೆ ಖೀಮಾ ಬೀಳುತ್ತಿರಲಿಲ್ಲ. ಒಳ್ಳೆಯ ಮನುಷ್ಯರೇ. ಆದರೆ ಹೊಗಳಿದರೆ ಮಕ್ಕಳು ಕೆಡುತ್ತಾರೆ ಎಂದು ದೃಢವಾಗಿ ನಂಬಿದ್ದ ತಲೆಮಾರಿನವರು. ಮಗ ಗಣಿತದಲ್ಲಿ ತೊಂಬತ್ತೆಂಟು ತಂದರೆ ಅವರ ಬಾಯಿಂದ ಬರುತ್ತಿದ್ದದ್ದು ಒಂದೇ ಪ್ರಶ್ನೆ.

"ಇನ್ನೆರಡು ಎಲ್ಲಿಗೆ ಹೋಯ್ತೋ?"

ತಾಯಿ ಮೆಹರುನ್ನೀಸಾ ಒಲೆಯ ಹತ್ತಿರದಿಂದಲೇ, "ಬಂದಿರೋದನ್ನ ನೋಡ್ರೀ ಮೊದ್ಲು" ಎಂದರೆ, "ಬಂದಿರೋದು ಬಂದಾಯ್ತಲ್ಲ, ಅದನ್ನ ನೋಡಿ ಏನ್ ಮಾಡ್ಲಿ?" ಎನ್ನುತ್ತಿದ್ದರು. ಕೆಮಿಸ್ಟರ ಲೆಕ್ಕ. ತಪ್ಪಿದ್ದನ್ನು ಹುಡುಕಿದರೆ ತಾನೇ ಔಷಧ ಸರಿಯಾಗುವುದು!

ವುಡ್‌ಬ್ರಿಡ್ಜ್‌ನ ಹೈಸ್ಕೂಲಿನಲ್ಲಿ ಫೈಜ್ ದಪ್ಪಗಿದ್ದ, ಸಂಕೋಚದವನಾಗಿದ್ದ. ಪಿ.ಟಿ. ಮೇಷ್ಟ್ರೊಬ್ಬರು ಅವನ ಹೆಗಲು ನೋಡಿ ಸಾಲಿನಲ್ಲಿ ನಿಲ್ಲಿಸಿದರು. ಯಾರ ಕಣ್ಣಿಗೂ ಬೀಳದೆ ಎಲ್ಲರಿಗೂ ಬೇಕಾಗುವ ಆ ಜಾಗ ಅವನಿಗೆ ಮನೆಯ ಹಾಗೆ ಒಗ್ಗಿತು. ಅಪ್ಪ ಬಯಸಿದ ಫಾರ್ಮಸಿ ಓದಲಿಲ್ಲ. ಆಡಿದ, ಆಡುವುದು ಮುಗಿದ ಮೇಲೆ ಕಲಿಸಿದ. ಮೊದಲಿಗೆ ಸಂಬಳವೇ ಇಲ್ಲದೆ, ಆಮೇಲೆ ಇದ್ದೂ ಇಲ್ಲದ ಸಂಬಳಕ್ಕೆ, ಕೊನೆಗೆ ಆಶ್‌ಬ್ರೂಕಿನಲ್ಲಿ ಹೆಲ್ತ್ ಇನ್ಶುರೆನ್ಸ್ ಸಮೇತ. ಯೂನುಸ್ ಮಾತ್ರ ನಂಟರ ಮುಂದೆ "ಮಗ ಕಾಲೇಜಿನಲ್ಲಿದ್ದಾನೆ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು. ಹುಬ್ಬಳ್ಳಿ ಕಡೆಯ, ಅಪ್ಪನ ಗೆಳೆಯ ಈಶಣ್ಣ, ಕನ್ನಡದವರೆಲ್ಲ ಅಡುಗೆ ತಂದು ಹಂಚಿಕೊಳ್ಳುವ ಪ್ರತಿ ಪಾಟ್‌ಲಕ್‌ನಲ್ಲೂ ಫೈಜ್‌ನ ಬೆನ್ನು ತಟ್ಟಿ, "ಏನ್ರೀ ಕೋಚ್ ಸಾಹೇಬ್ರ, ನಮ್ಮ ಮಗಳು ಅನುಶ್ರೀಗೂ ಎಸ್‌ಎಟಿ ಕೋಚಿಂಗ್ ಕೊಟ್ಟಬಿಡ್ರಲಾ" ಎಂದು ನಗುತ್ತಿದ್ದರು. ಫೈಜ್ ತಾನೂ ನಗುತ್ತಿದ್ದ. ಹೆಂಡತಿ ನಾಝಿಯಾ ನಗುತ್ತಿರಲಿಲ್ಲ.

ಅವನ ಕಲಿಸುವ ರೀತಿ ಇದು. ಶನಿವಾರ ಆಟ. ಭಾನುವಾರ ಇಡೀ ಆಟದ ವಿಡಿಯೋ ಮುಂದೆ ಕೂತು ತನ್ನ ಐವರ ತಪ್ಪುಗಳನ್ನಷ್ಟೇ ಕತ್ತರಿಸಿ ಒಂದು ಡಿಸ್ಕಿಗೆ ಇಳಿಸುತ್ತಿದ್ದ. ಸೋಮವಾರ ಹುಡುಗರು ಅದನ್ನು ನೋಡಬೇಕು. ಎಡವಿದ ಕಾಲು, ಜಾರಿದ ಕೈ, ಎತ್ತಬಾರದಾಗ ಎತ್ತಿದ ತಲೆ. ಬೇರೆ ಕೋಚ್‌ಗಳು ಕೊನೆಗೆ ಎರಡು ಒಳ್ಳೆಯ ತುಣುಕು ಸೇರಿಸಿ ಬೆನ್ನು ತಟ್ಟಿ ಕಳಿಸುವುದುಂಟು. ಫೈಜ್‌ಗೆ ಅದು ಸಮಯ ಹಾಳು. "ಸರಿ ಇರೋದು ಸರಿಯಾಗೇ ಇದೆಯಲ್ಲ" ಎನ್ನುತ್ತಿದ್ದ, ಇಂಗ್ಲಿಷಿನಲ್ಲಿ. ಆ ಮಾತು ಎಲ್ಲಿಂದ ಬಂತು ಎಂದು ಅವನು ಒಂದು ದಿನವೂ ಯೋಚಿಸಿರಲಿಲ್ಲ.

ಡಿಸ್ಕುಗಳಲ್ಲಿ ಎಲ್ಲರಿಗಿಂತ ಹೆಚ್ಚು ಕಾಣಿಸುತ್ತಿದ್ದವನು ಟೋನಿ. ವುಡ್‌ಬ್ರಿಡ್ಜ್‌ನ ಗಾರೆಕೆಲಸದವನ ಮಗ, ಸಾಲಿನ ನಡುವಿನವನು. ನಡುವಿನವನು ಚೆಂಡನ್ನು ಕಾಲ ಸಂದಿಯಿಂದ ಹಿಂದಕ್ಕೆ ಕೊಟ್ಟು, ಅದೇ ಕ್ಷಣಕ್ಕೆ ಎಡಗಾಲು ಮುಂದಿಟ್ಟು ಎದುರಾಳಿಯನ್ನು ತಡೆಯಬೇಕು. ಟೋನಿ ಚೆಂಡು ಕೊಟ್ಟ ಮೇಲೆ ಕಾಲಿಡುತ್ತಿದ್ದ. ಅರೆಕ್ಷಣ ತಡ. "ಎಡಗಾಲು, ಟೋನಿ, ಎಡಗಾಲು!" ಮೂರು ವರ್ಷ ಮೈದಾನದಲ್ಲಿ ಇದೇ ಕೂಗು. ಫೈಜ್ ಅಷ್ಟು ಕೂಗಿದ್ದು ಯಾಕೆಂದರೆ ಅಂಥ ಹುಡುಗ ಅವನಿಗೆ ಹಿಂದೆ ಸಿಕ್ಕಿರಲಿಲ್ಲ. ಇದನ್ನು ನಾಝಿಯಾಗೆ ಹೇಳಿದ್ದ. ಟೋನಿಗೆ ಹೇಳಿರಲಿಲ್ಲ.

ಎರಡು ಸಾವಿರದ ಎಂಟರ ಶರತ್ಕಾಲದಲ್ಲಿ ವಾಲ್ ಸ್ಟ್ರೀಟ್ ಕುಸಿಯಿತು. ಅಪ್ಪ-ಅಮ್ಮ ಇದ್ದ ಮಾನ್ಮತ್ ಜಂಕ್ಷನ್ನಿನ ಬೀದಿಗಳಲ್ಲಿ ಬೆಳಿಗ್ಗೆ ಹೊರಡುವ ಕಾರುಗಳು ಒಂದೊಂದಾಗಿ ಹೊರಡುವುದನ್ನು ನಿಲ್ಲಿಸಿದವು. ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ನುಂಗಿ ಯೂನುಸರೂ ರಿಟೈರ್‌ಮೆಂಟಿಗೆ ಎರಡು ವರ್ಷ ಮೊದಲೇ ಮನೆಗೆ ಬಂದರು. ಆಶ್‌ಬ್ರೂಕಿನ ನಿಧಿ ಎಲ್ಲೆಲ್ಲಿ ಹಾಕಿದ್ದರೋ ಅಲ್ಲಲ್ಲೇ ಕರಗಿತು. ಫೆಬ್ರವರಿಯಲ್ಲಿ ಕಾಲೇಜಿನವರು ಎಲ್ಲರನ್ನೂ ಜಿಮ್ಮಿನಲ್ಲಿ ಕೂರಿಸಿ, ಇನ್ನು ಮೇಲೆ ಫುಟ್‌ಬಾಲ್ ಇಲ್ಲ ಎಂದು ಹೇಳಿ, ಕಾಫಿ ಮತ್ತು ಡೋನಟ್ ಕೊಟ್ಟರು. ಸಾವಿನ ಮನೆಯಲ್ಲೂ ಹೊಟ್ಟೆ ನೋಡಿಕೊಳ್ಳುವ ಜನ!

ಕೋಣೆ ಖಾಲಿ ಮಾಡಲು ಒಂದೇ ದಿನ ಕೊಟ್ಟರು. ಫೈಜ್‌ನ ಸಣ್ಣ ಕಾರಿನಲ್ಲಿ ಎಲ್ಲಕ್ಕೂ ಜಾಗವಿರಲಿಲ್ಲ. ಒಂದು ಗೋಡೆಯ ತುಂಬ ಇಡೀ ಇಡೀ ಆಟಗಳ ವಿಡಿಯೋ, ಇನ್ನೊಂದು ಮೂಲೆಯಲ್ಲಿ ಅವನು ಕತ್ತರಿಸಿದ ತಪ್ಪುಗಳ ಡಿಸ್ಕುಗಳು. ಅವನು ಎರಡನೇ ಸಲ ಯೋಚಿಸಲೇ ಇಲ್ಲ. ಆಟ ಯಾರು ಬೇಕಾದರೂ ನೋಡಬಹುದು. ತಪ್ಪು ಹುಡುಕಿದ್ದು ತಾನು, ಅದು ತನ್ನ ವಿದ್ಯೆ. ತಪ್ಪುಗಳನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿ, ಮಗುವನ್ನು ಮಲಗಿಸಿದ ಹಾಗೆ ಹಿಂದಿನ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿದ. ಆಟಗಳನ್ನೆಲ್ಲ ಕಾಲೇಜಿನವರು ಮರುದಿನ ಕಸಕ್ಕೆ ಸುರಿದರು.

ಕೋಚ್‌ಗಳ ಕೆಲಸಗಳು ಭರ್ತಿಯಾಗುವುದು ಜನವರಿಯಲ್ಲಿ. ಫೆಬ್ರವರಿಯ ಕೊನೆಗೆ ಬಾಗಿಲುಗಳೆಲ್ಲ ಮುಚ್ಚಿದ್ದವು. ಆ ವಸಂತ ಪೂರ್ತಿ ಅವನು ಫೋನ್ ಹಿಡಿದು ಕೂತದ್ದು ತನಗಾಗಿ ಅಲ್ಲ, ಹುಡುಗರಿಗಾಗಿ. ಅವರನ್ನು ಬೇರೆ ಬೇರೆ ಕಾಲೇಜುಗಳಿಗೆ ಸೇರಿಸಬೇಕು. ಒಬ್ಬೊಬ್ಬರೇ ಜಾಗ ಹಿಡಿದರು, ಟೋನಿಯೊಬ್ಬನನ್ನು ಬಿಟ್ಟು. ಕಾಲೇಜು ಆಟಗಾರನಿಗೆ ಸಿಗುವ ನಾಲ್ಕು ವರ್ಷಗಳಲ್ಲಿ ಇನ್ನೂ ಒಂದು ವರ್ಷ ಆಡುವ ಹಕ್ಕಿದ್ದ, ಎಲ್ಲರಿಗಿಂತ ಗಟ್ಟಿ ಹುಡುಗ ಯಾಕೆ ಉಳಿದುಹೋದ ಎಂದು ಫೈಜ್‌ಗೆ ಬಗೆಹರಿಯಲಿಲ್ಲ.

ಬೇಸಿಗೆಯಲ್ಲಿ ವುಡ್‌ಬ್ರಿಡ್ಜ್‌ನ ಅಪಾರ್ಟ್‌ಮೆಂಟ್ ಬಿಟ್ಟು ಮಾನ್ಮತ್ ಜಂಕ್ಷನ್ನಿಗೆ, ಅಪ್ಪನ ಮನೆಯ ಬೇಸ್‌ಮೆಂಟಿಗೆ ಬಂದರು. ನಾಝಿಯಾ ಒಂದು ಡೆಂಟಿಸ್ಟ್ ಆಫೀಸಿನಲ್ಲಿ ಫೋನ್ ಎತ್ತುವ ಕೆಲಸ ಹಿಡಿದಳು. ಮೇಲೆ ಕೆಲಸವಿಲ್ಲದ ಅಪ್ಪ, ಕೆಳಗೆ ಕೆಲಸವಿಲ್ಲದ ಮಗ. ಮೆಟ್ಟಿಲಲ್ಲಿ ಎದುರಾದಾಗ ಇಬ್ಬರೂ ದಾರಿ ಬಿಟ್ಟುಕೊಡಲು ಹೋಗಿ ಇಬ್ಬರೂ ನಿಂತುಬಿಡುತ್ತಿದ್ದರು.

ಕೊನೆಗೆ ಕೈ ಹಿಡಿದದ್ದು ಅದೇ ಈಶಣ್ಣ. ಕ್ರ್ಯಾನ್‌ಬರಿಯಲ್ಲಿ, ಟರ್ನ್‌ಪೈಕ್ ಹೆದ್ದಾರಿಯ ಎಂಟು-ಎ ಎಕ್ಸಿಟ್ಟಿನ ಬಳಿ, ಊರಷ್ಟು ದೊಡ್ಡ ಗೋದಾಮುಗಳಿವೆ. ಅವುಗಳಲ್ಲೊಂದರ ಕಂಪ್ಯೂಟರ್ ಕೆಲಸ ಅವರದು. ಈ ಸಲ ಅವರು ನಗಲಿಲ್ಲ. "ನಿಮಗ ಹೇಳಾಕ ನಾಚಿಕಿ ಆಗತೈತ್ರಿ. ಪೆಟ್ಟಿಗಿ ಎತ್ತೂ ಕೆಲಸ. ಬ್ಯಾಡಂದ್ರ ಬ್ಯಾಡ."

"ನಂಗೆ ಭಾರ ಹೊಸದಲ್ಲ ಅಂಕಲ್," ಎಂದ ಫೈಜ್.

ಗೋದಾಮಿನಲ್ಲಿ ಮೊದಲ ವಾರವೇ ಅವನಿಗೆ ತಡೆಯಲಾಗಲಿಲ್ಲ. ಜನ ಬೆನ್ನು ಬಗ್ಗಿಸಿ ಎತ್ತುತ್ತಿದ್ದರು. "ಸೊಂಟ ಇಳಿಸಿ! ಬೆನ್ನಿಂದ ಅಲ್ಲ, ಸೊಂಟದಿಂದ!" ಎಂದು ಕೂಗಿಬಿಟ್ಟ. ಎಲ್ಲರೂ ತಿರುಗಿ ನೋಡಿದರು. ಸಾಲಿನ ಆ ತುದಿಯಲ್ಲಿ ಒಬ್ಬ ಮಾತ್ರ, ತಿರುಗದೆಯೇ, ತಟ್ಟನೆ ಸೊಂಟ ಇಳಿಸಿದ. ಟೋನಿ.

ಓದು ಅರ್ಧಕ್ಕೆ ಬಿಟ್ಟು ಅವನೂ ಇಲ್ಲಿಗೇ ಬಂದಿದ್ದ. ಊಟದ ಬಿಡುವಿನಲ್ಲಿ ಇಬ್ಬರೂ ಟ್ರಕ್ಕುಗಳು ನಿಲ್ಲುವ ಕಟ್ಟೆಯ ಮೇಲೆ ಕೂತರು. ಟೋನಿ ಎಂದೂ ಸುತ್ತಿ ಬಳಸಿ ಮಾತಾಡಿದವನಲ್ಲ.

"ಕೋಚ್, ಪೆನ್ಸಿಲ್ವೇನಿಯಾದ ಆ ಕಾಲೇಜಿನವರು ನನ್ನ ಯಾಕೆ ತಗೊಳ್ಳಲಿಲ್ಲ ಗೊತ್ತಾ? ನಾನೇ ಫೋನ್ ಮಾಡಿ ಕೇಳಿದೆ. ನಿನ್ನ ಕೋಚಿಗೇ ನಿನ್ನ ಮೇಲೆ ನಂಬಿಕೆ ಇದ್ದಂಗಿಲ್ಲ ಅಂದ್ರು. ನೀವು ಅವರಿಗೆ ನನ್ನ ತಪ್ಪುಗಳನ್ನ ಮಾತ್ರ ಹೇಳಿದ್ರಂತೆ."

ಫೈಜ್ ಸ್ಯಾಂಡ್‌ವಿಚ್ ಕೆಳಗಿಟ್ಟ. ಹೌದು. ಆ ಫೋನು ಅವನಿಗೆ ನೆನಪಿತ್ತು. ಬೇರೆಯವರ ಬಗ್ಗೆ ಎರಡು ಮಾತಿನಲ್ಲಿ ಮುಗಿಸಿದ್ದ. ಟೋನಿಯ ಬಗ್ಗೆ ಮಾತ್ರ, ಅಕ್ಕರೆ ಉಕ್ಕಿ, ಅರ್ಧ ಗಂಟೆ ಎಡಗಾಲಿನ ವಿಷಯ ಹೇಳಿದ್ದ. ಇದೊಂದನ್ನು ತಿದ್ದಿದರೆ ಈ ಹುಡುಗನನ್ನು ಹಿಡಿಯುವವರಿಲ್ಲ ಎಂಬುದು ಕೇಳಿದವನಿಗೆ ತಾನಾಗಿಯೇ ತಿಳಿಯುತ್ತದೆ ಎಂದುಕೊಂಡಿದ್ದ. ಯಾರಿಗೆ ತಿಳಿಯುತ್ತದೆ? ತೊಂಬತ್ತೆಂಟನ್ನು ಬಾಯಿ ಬಿಟ್ಟು ಹೇಳದೆ ಎರಡರ ಲೆಕ್ಕ ಮಾತ್ರ ಒಪ್ಪಿಸಿದರೆ, ಕೇಳಿದವನು ಹುಡುಗ ತಂದದ್ದೇ ಎರಡು ಎಂದುಕೊಳ್ಳುವುದಿಲ್ಲವೆ?

"ಕೋಚ್," ಎಂದ ಟೋನಿ, ಟ್ರಕ್ಕುಗಳ ಕಡೆ ನೋಡುತ್ತ, "ನಾನು ಚೆನ್ನಾಗಿ ಆಡ್ತಿದ್ನಾ?"

ಹೇಳಬೇಕಾಗಿದ್ದದ್ದು ಒಂದೇ ಮಾತು. ಅದು ನಾಲಿಗೆಯವರೆಗೆ ಬಂತು. ಆದರೆ ಮೂವತ್ತೆಂಟು ವರ್ಷ ಆ ದಾರಿಯಲ್ಲಿ ನಡೆಯದ ಮಾತು ಹೊರಗೆ ಬರುವುದು ಹೇಗೆ? "ಎಡಗಾಲು..." ಎಂದು ಶುರು ಮಾಡಿ ಫೈಜ್ ನಿಲ್ಲಿಸಿದ. ಟೋನಿ ನಕ್ಕು, ಕೈ ಝಾಡಿಸಿಕೊಂಡು ಎದ್ದುಹೋದ. ಆ ನಗು ಫೈಜ್‌ನನ್ನು ವಾರಗಟ್ಟಲೆ ಕಾಡಿತು.

ಆ ವಾರದಿಂದ ಬಿಡುವು ಸಿಕ್ಕಾಗಲೆಲ್ಲ ಇಬ್ಬರೂ ಗೋದಾಮಿನ ಹಿಂದೆ, ಖಾಲಿ ಟ್ರೇಲರುಗಳ ಸಂದಿಯಲ್ಲಿ, ಚೆಂಡಿನ ಬದಲು ಟೇಪ್ ಸುತ್ತಿದ ರಟ್ಟಿನ ಮುದ್ದೆ ಇಟ್ಟುಕೊಂಡು ಆ ಒಂದು ಹೆಜ್ಜೆಯನ್ನು ಮಾಡಿದರು. ಯಾಕೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಆಡಲು ತಂಡವಿಲ್ಲದವನಿಗೆ, ಕಲಿಸಲು ಕಾಲೇಜಿಲ್ಲದವನು ಕಲಿಸಿದ.

ಎರಡು ಸಾವಿರದ ಹತ್ತರ ಜನವರಿಯಲ್ಲಿ ಹಡ್ಸನ್ ನದಿಯ ಮೇಲ್ದಂಡೆಯ ಒಂದು ಕಾಲೇಜಿನಿಂದ ಫೋನ್ ಬಂತು. ಲೈನ್ ಕೋಚ್ ಕೆಲಸ ಖಾಲಿ ಇದೆ. ಇಂಟರ್‌ವ್ಯೂಗೆ ಬರುವಾಗ ನಿಮ್ಮ ಸಾಲು ಆಡಿದ ಒಳ್ಳೆಯ ತುಣುಕುಗಳ ವಿಡಿಯೋ ತನ್ನಿ. ಎಲ್ಲರೂ ತರುತ್ತಾರೆ, ಅದೇ ಈ ವೃತ್ತಿಯ ಪದ್ಧತಿ.

ಫೈಜ್ ಬೇಸ್‌ಮೆಂಟಿನಲ್ಲಿ ಪೆಟ್ಟಿಗೆ ತೆರೆದು ಕೂತ. ಡಿಸ್ಕ್ ಮೇಲೆ ಡಿಸ್ಕ್ ಹಾಕಿದ. ಹನ್ನೊಂದು ವರ್ಷದ ದುಡಿಮೆಯಲ್ಲಿ ಸರಿಯಾದ ಒಂದು ಹೆಜ್ಜೆ ಇರಲಿಲ್ಲ. ಬೀಳುವವರು, ಜಾರುವವರು, ಬಿಟ್ಟುಕೊಡುವವರು. ತನ್ನ ಬದುಕಿನ ಮೇಲೆ ಯಾರೋ ಹಗೆ ಸಾಧಿಸಿ ಮಾಡಿದ ಸಿನಿಮಾದಂತಿತ್ತು. ಎದುರು ತಂಡದವರ ಹತ್ತಿರ ಆಟಗಳ ಪ್ರತಿ ಇರಬಹುದೆಂದು ಊರೂರಿಗೆ ಫೋನ್ ಮಾಡಿದ. ಒಬ್ಬರು ಅಳಿಸಿದ್ದರು, ಇನ್ನೊಬ್ಬರ ಕೋಚೇ ಬದಲಾಗಿದ್ದ. ಒಬ್ಬ ಪುಣ್ಯಾತ್ಮ ಅಂಚೆಯಲ್ಲಿ ಕಳಿಸಿದ. ಅದು ಅವನು ಗೆದ್ದ ಆಟ, ಫೈಜ್‌ನ ಸಾಲು ಚಿಂದಿಯಾದ ದಿನ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಇದೇ ಕೊನೇದು ನಾಝಿಯಾ," ಎಂದ. "ಇನ್ನೊಂದು ವರ್ಷ ಹೋದ್ರೆ ಎರಡು ವರ್ಷ ಆಯ್ತು. ಅಷ್ಟು ದಿನ ಆಟದಿಂದ ಹೊರಗಿದ್ದವನನ್ನ ಮತ್ತೆ ಯಾರೂ ಕರೆಯಲ್ಲ. ಇದು ತಪ್ಪಿದ್ರೆ ನಾನು ಕೋಚ್ ಅಲ್ಲ."

ನಾಝಿಯಾ ಅವನ ಅಂಗಿ ಇಸ್ತ್ರಿ ಮಾಡುತ್ತಿದ್ದಳು. "ವಿಡಿಯೋ ಇಲ್ದಿದ್ರೆ ಬಾಯಿ ಇದೆಯಲ್ಲ. ಅಲ್ಲಿ ಹೋಗಿ ಮೂಕನ ಥರ ಕೂರಬೇಡಿ. ನಿಮ್ಮ ಬಗ್ಗೆ ನಾಕು ಒಳ್ಳೇ ಮಾತಾಡಿ. ನಾಕು ಸಾಕು."

ಅಲ್ಲಿಯ ಹೆಡ್ ಕೋಚ್ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ವಯಸ್ಸಾದ ಮನುಷ್ಯ. ಫೈಜ್ ಬೇರೆ ಗತಿಯಿಲ್ಲದೆ ತಪ್ಪುಗಳ ಡಿಸ್ಕನ್ನೇ ಹಾಕಿದ, ಯಾಕೆಂದು ವಿವರಿಸಿದ. ಮುದುಕ ಕೊನೆಯವರೆಗೂ ನೋಡಿದ. ದೀಪ ಹಾಕಿ, ನಿಟ್ಟುಸಿರು ಬಿಟ್ಟ.

"ಮಗೂ, ನನಗೆ ಅರ್ಥವಾಗುತ್ತೆ. ಆದರೆ ಇದನ್ನ ಡೀನ್ ಮುಂದೆ ಇಟ್ಟು ಇವನನ್ನೇ ತಗೊಳ್ಳಿ ಅಂತ ಹೇಗೆ ಹೇಳಲಿ? ಹೊರಗೆ ಇನ್ನೊಬ್ಬ ಕಾಯ್ತಿದ್ದಾನೆ. ನಿನಗೆ ಹತ್ತು ನಿಮಿಷ ಇದೆ. ನಿನ್ನ ಬಗ್ಗೆ ಹೇಳು."

ಫೈಜ್ ಬಾಯಿ ತೆರೆದ. ನಾಝಿಯಾ ಹೇಳಿಕೊಟ್ಟಿದ್ದ ನಾಲ್ಕು ಮಾತೂ ಸಿದ್ಧವಾಗಿದ್ದವು. ಆಗ ಮುದುಕ ಏನೋ ನೆನಪಾದವನಂತೆ ಕೇಳಿದ: "ಆ ನಡುವಿನವನು, ಐವತ್ತನಾಲ್ಕನೇ ನಂಬರು. ಡಿಸ್ಕಿನ ತುಂಬ ಅವನದೇ ತಪ್ಪು. ಮೂರು ವರ್ಷ ಯಾಕೆ ಇಟ್ಟುಕೊಂಡೆ?"

"ಯಾಕಂದ್ರೆ," ಎಂದ ಫೈಜ್, "ಅವನಂಥವನು ನನಗೆ ಇನ್ನೊಬ್ಬ ಸಿಗಲಿಲ್ಲ."

ಒಮ್ಮೆ ಕಟ್ಟೆ ಒಡೆಯಿತು ನೋಡಿ, ನಿಲ್ಲಲಿಲ್ಲ. ಟೋನಿ ಎದುರಿನವನು ನೆಲಕ್ಕೂರಿದ ಬೆರಳಿನ ಗೆಣ್ಣು ಬಿಳಿಚಿದ್ದು ನೋಡಿಯೇ ಅವನು ಯಾವ ಕಡೆ ನುಗ್ಗುತ್ತಾನೆಂದು ಪಕ್ಕದವರಿಗೆ ಕೂಗಿ ಹೇಳುತ್ತಿದ್ದದ್ದು. ಕಾಲು ಉಳುಕಿದ ದಿನವೂ ಹೊರಗೆ ಬರಲೊಪ್ಪದೆ ಇದ್ದದ್ದು. ಆಟ ಸೋತ ಸಂಜೆ ಉಳಿದ ನಾಲ್ವರನ್ನು ಎಬ್ಬಿಸಿಕೊಂಡು ಹೋದದ್ದು. ಅರೆಕ್ಷಣ ತಡವಾಗಿದ್ದ ಆ ಎಡಗಾಲು ಗೋದಾಮಿನ ಹಿಂದೆ, ರಟ್ಟಿನ ಮುದ್ದೆಯ ಮೇಲೆ, ಈಗ ತಡವಾಗದೆ ಬೀಳುತ್ತಿರುವುದು. ಅವನಿಗೆ ಇನ್ನೂ ಒಂದು ವರ್ಷ ಆಡುವ ಹಕ್ಕಿದೆ ಎಂದ. ಅವನು ಜಾಗವಿಲ್ಲದೆ ಉಳಿದದ್ದು ತನ್ನ ನಾಲಿಗೆಯ ತಪ್ಪು, ಅವನದಲ್ಲ ಎಂದ. ಗಡಿಯಾರ ಕಣ್ಣಿಗೆ ಬೀಳುತ್ತಲೇ ಇತ್ತು. ಈಗ ನಿಲ್ಲಿಸು, ನಿನ್ನ ಮಾತಾಡು ಎಂದು ಒಳಗಿನಿಂದ ಒಂದು ದನಿ ಚೀರುತ್ತಿತ್ತು. ಅವನು ನಿಲ್ಲಿಸಲಿಲ್ಲ. ಹತ್ತು ನಿಮಿಷವೂ ಮುಗಿಯಿತು.

ಮುದುಕ ಎದ್ದು ಕೈ ಕುಲುಕಿದ. "ಆ ಹುಡುಗನ ಫೋನ್ ನಂಬರು ಕೊಡು."

ತನ್ನದನ್ನು ಕೇಳಲಿಲ್ಲ ಎಂಬುದನ್ನು ಫೈಜ್ ಗಮನಿಸಿದ. ಪಾರ್ಕಿಂಗ್ ಲಾಟಿನಲ್ಲಿ ಸ್ಟೀರಿಂಗ್ ಮೇಲೆ ಹಣೆಯಿಟ್ಟು ಅತ್ತ. ಕೈಗೆ ಬಂದ ತುತ್ತನ್ನು ತಾನೇ ಇನ್ನೊಬ್ಬನ ಬಾಯಿಗೆ ಇಟ್ಟಿದ್ದ. ಹೆಮ್ಮೆಯೇನೂ ಆಗಲಿಲ್ಲ. ಹೆದರಿಕೆಯಾಯಿತು.

ಮನೆಯಲ್ಲಿ ನಾಝಿಯಾ ಕೇಳಿ ದಂಗಾದಳು. "ಹುಚ್ಚಾ ನಿಮಗೆ? ಹತ್ತು ನಿಮಿಷ! ಒಂದೇ ಒಂದು ನಿಮಿಷ ನಮಗೋಸ್ಕರ ಮಾತಾಡಕ್ಕಾಗ್ಲಿಲ್ವಾ?" ಆಮೇಲೆ ಎರಡು ದಿನ ಮಾತು ಬಿಟ್ಟಳು. ಅವಳ ಸಿಟ್ಟು ನ್ಯಾಯವಾದದ್ದೇ. ಮೂರನೇ ದಿನ ಫೈಜ್ ಪೆಟ್ಟಿಗೆಯನ್ನು ಮಹಡಿಯ ಕೋಣೆಯಲ್ಲಿ, ಅಪ್ಪನ ಹಳೆಯ ಟಿವಿಯ ಪಕ್ಕ ಇಟ್ಟುಬಂದ. ಕೆಳಗೆ ಕಣ್ಣೆದುರು ಅದಿರುವುದು ಬೇಡವಾಗಿತ್ತು.

ಕೆಲಸ ಹೊರಗೆ ಕಾಯುತ್ತಿದ್ದವನಿಗೆ ಹೋಯಿತು. ಟೋನಿಗೆ ಜಾಗ ಸಿಕ್ಕಿತು. ಆಗಸ್ಟಿನಲ್ಲಿ ಅವನು ಹೊರಟುಹೋದ ಮೇಲೆ ಫೈಜ್ ಬಿಡುವಿನಲ್ಲಿ ಒಬ್ಬನೇ ಕಟ್ಟೆಯ ಮೇಲೆ ಕೂರುತ್ತಿದ್ದ. ಮತ್ತೆ ಯಾವ ಕಾಲೇಜಿನಿಂದಲೂ ಫೋನ್ ಬರಲಿಲ್ಲ. ಬರುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

ಸೆಪ್ಟೆಂಬರಿನ ಕೊನೆಯ ಶನಿವಾರ ಟೋನಿಯ ಹೊಸ ತಂಡ ನ್ಯೂಜೆರ್ಸಿಗೆ ಆಡಲು ಬಂತು. ಫೈಜ್ ಗೋದಾಮಿನ ಜಾಕೆಟ್ಟಿನಲ್ಲೇ ಹೊರಟಾಗ ಯೂನುಸ್ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನಾನೂ ಬರ್ತೀನಿ." ಇಪ್ಪತ್ತು ವರ್ಷದಲ್ಲಿ ಒಂದು ಆಟಕ್ಕೂ ಬಂದವರಲ್ಲ.

ಇಬ್ಬರೂ ಮರದ ಬೆಂಚಿನ ಮೇಲೆ ಕೂತರು. ಎಲ್ಲರ ಕಣ್ಣೂ ಚೆಂಡಿನ ಹಿಂದೆ ಓಡುತ್ತಿದ್ದರೆ ಫೈಜ್‌ನ ಕಣ್ಣು ಸಾಲಿನ ನಡುವೆಯೇ ಇತ್ತು. ವಿಚಿತ್ರವೆಂದರೆ ಅಪ್ಪನ ಕಣ್ಣೂ ಅಲ್ಲೇ ಇತ್ತು. ಟೋನಿ ಬಾಗಿದ, ಚೆಂಡು ಕೊಟ್ಟ, ತನಗಿಂತ ಗಟ್ಟಿಯಾದವನನ್ನು ಎದೆಯಿಂದ ತಡೆದು ಹಿಂದಕ್ಕೆ ನೂಕಿದ. ಅವನ ಹಿಂದಿನಿಂದ ಯಾರೋ ಚೆಂಡು ಹಿಡಿದು ಓಡಿದರು. ಜನ ಅತ್ತ ಕೂಗಿದರು.

ಯೂನುಸ್ ಕನ್ನಡಕ ಸರಿಮಾಡಿಕೊಂಡು, ಲ್ಯಾಬಿನಲ್ಲಿ ಸೀಸೆ ನೋಡುವವರಂತೆ ಮುಂದಕ್ಕೆ ಬಾಗಿದರು.

"ಎಡಗಾಲು ಸ್ವಲ್ಪ ತಡ ಆಯ್ತು, ಅಲ್ವೇನೋ?"

ಫೈಜ್ ಬೆಚ್ಚಿ ಅವರ ಕಡೆ ತಿರುಗಿದ.

"ಮನೇಲಿ ಸುಮ್ನೆ ಕೂತಿರ್ತೀನಲ್ಲ," ಎಂದರು ಯೂನುಸ್, ಮಗನ ಮುಖ ನೋಡದೆ. "ನಿನ್ನ ಪೆಟ್ಟಿಗೆ ಪೂರ್ತಿ ನೋಡಿದೆ. ಎರಡು ಸಲ ನೋಡಿದೆ. ಎಷ್ಟು ಸಣ್ಣ ತಪ್ಪನ್ನೂ ಬಿಟ್ಟಿಲ್ಲ ನೀನು."

ಅಪ್ಪನ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಫೈಜ್‌ಗೆ ಅದು ಗೊತ್ತಾಯಿತು, ಎದೆ ತುಂಬಿ ಬಂತು, ಆದರೂ ಅವನು ಅಡ್ಡಡ್ಡ ತಲೆಯಾಡಿಸಿದ.

"ಇಲ್ಲ ಅಬ್ಬಾ. ತಡ ಆಗ್ಲಿಲ್ಲ. ಸರಿಯಾಗಿ ಇಟ್ಟ."

"ಸರಿಯಾಗಿ?"

"ಪೂರ್ತಿ ಸರಿಯಾಗಿ ಇಟ್ಟ. ತುಂಬಾ ಚೆನ್ನಾಗಿ ಆಡ್ತಿದ್ದಾನೆ. ಮೊದಲಿಂದಾನೂ ಚೆನ್ನಾಗೇ ಆಡ್ತಿದ್ದ."

ಹೇಳಿಯಾದ ಮೇಲೆ ತಾನು ಹೇಳಿದ್ದು ತಪ್ಪು ಮನುಷ್ಯನಿಗೆ ಎಂದು ಅವನಿಗೆ ಹೊಳೆಯಿತು. ಅದನ್ನು ಕೇಳಿದ್ದ ಟೋನಿ ಮೈದಾನದಲ್ಲಿ ಬಿದ್ದವನೊಬ್ಬನಿಗೆ ಕೈಕೊಟ್ಟು ಎಬ್ಬಿಸುತ್ತಿದ್ದ. ಫೈಜ್ ಎದ್ದು, ಅಪ್ಪನ ಮೊಣಕಾಲು ದಾಟಿ, ಮೆಟ್ಟಿಲಿಳಿದು ಬೇಲಿಯ ಕಡೆಗೆ ನಡೆದ.